ಚಿಕ್ಕ ಕೆಲಸಗಳ ತೂಕ

ಪರಿಸರಕ್ಕಾಗಿ ಮನೆಮನೆಯಲ್ಲಿ ಮಾಡಬಹುದಾದ ಚಿಕ್ಕ ಕೆಲಸಗಳ ಪಟ್ಟಿಗೆ ಈಗ ಬರವಿಲ್ಲ. 2021ರ ನವೆಂಬರಿನಲ್ಲಿ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ಭಾರತ ಮುಂದಿಟ್ಟ ‘ಲೈಫ್’ ಅಭಿಯಾನದಡಿ ಕೇಂದ್ರ ಸರ್ಕಾರವೇ 75 ಕೆಲಸಗಳನ್ನು ಪಟ್ಟಿ ಮಾಡಿದೆ. ಶಾಲೆಯ ಭಿತ್ತಿಪತ್ರ, ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡು, ಪರಿಸರ ದಿನದ ಭಾಷಣ, ಎಲ್ಲೆಡೆಯೂ ಅವೇ ಮಾತುಗಳು: ನಲ್ಲಿ ನಿಲ್ಲಿಸಿ, ದೀಪ ಆರಿಸಿ, ಬಟ್ಟೆ ಚೀಲ ಹಿಡಿದು ಹೋಗಿ. ಇವುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಇಂಥ ಪಟ್ಟಿಗಳು ಎಲ್ಲ ಕೆಲಸಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತವೆ. ಯಾವುದರ ತೂಕ ಎಷ್ಟೆಂದು ಹೇಳುವುದಿಲ್ಲ. ವರ್ಷವಿಡೀ ತಪ್ಪದೆ ಮಾಡಿದರೂ ಒಂದು ಯೂನಿಟ್ ವಿದ್ಯುತ್ತನ್ನೂ ಉಳಿಸದ ಕೆಲಸಗಳಿವೆ. ಒಂದೇ ಸಲ ಮಾಡಿ ಮರೆತರೂ ಸಾವಿರಾರು ಲೀಟರ್ ನೀರು ಉಳಿಸುವ ಕೆಲಸಗಳೂ ಇವೆ. ಯಾವುದು ಯಾವ ಬಗೆಯದು ಎಂದು ತಿಳಿಯಬೇಕಾದರೆ ನಲ್ಲಿ, ಸ್ವಿಚ್ಚು, ಕಸದ ಬುಟ್ಟಿಗಳ ಹಿಂದೆ ಏನಿದೆ ಎಂದು ನೋಡಬೇಕು. ಅದು ಊರಿನಿಂದ ಊರಿಗೆ ಬೇರೆ. ಹೊಳೆಯ ದಂಡೆಯ ಹಳ್ಳಿಯಲ್ಲಿ ಒಂದು ಕೊಡ ನೀರಿಗಿರುವ ಬೆಲೆಯೇ ಬೇರೆ, ಬೆಂಗಳೂರಿನ ನಾಲ್ವರ ಮನೆಯಲ್ಲಿ ಅದಕ್ಕಿರುವ ಬೆಲೆಯೇ ಬೇರೆ. ಇಲ್ಲಿನ ಲೆಕ್ಕವೆಲ್ಲ ಆ ಬೆಂಗಳೂರಿನ ಮನೆಯದು.

ನಲ್ಲಿಯ ಹಿಂದಿನ ಏರು

ಬೆಂಗಳೂರು ದೊಡ್ಡ ನದಿಯಿಲ್ಲದ ನಗರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ, ಎರಡೂ ಕಡೆ ಅರ್ಕಾವತಿಯನ್ನು ನೆಚ್ಚಿಕೊಂಡು ಊರು ನೀರು ಕುಡಿಯಿತು. ಅದು ಸಾಲದಾದಾಗ 1974ರಲ್ಲಿ ಕಾವೇರಿ ಬಂತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರನ್ನು ಹಾರೋಹಳ್ಳಿ, ತಾತಗುಣಿಗಳ ಪಂಪುಮನೆಗಳ ಮೂಲಕ ಸುಮಾರು 100 ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ತಳ್ಳಲಾಗುತ್ತದೆ. ಹಂತದ ಮೇಲೆ ಹಂತ ಸೇರಿ ದಿನಕ್ಕೆ 145 ಕೋಟಿ ಲೀಟರ್ ಆಯಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಇನ್ನೂ 77.5 ಕೋಟಿ ಲೀಟರನ್ನು ಕೂಡಿಸಿತು.

ಈ ಏರಿನ ಬೆಲೆಯನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಸಾವಿರ ಲೀಟರ್ ನೀರೆಂದರೆ ಒಂದು ಟನ್. ಒಂದು ಟನ್ನನ್ನು 500 ಮೀಟರ್ ಎತ್ತಲು ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಕು. ಪಂಪಿನ ನಷ್ಟ, ಕೊಳವೆಯೊಳಗಿನ ಘರ್ಷಣೆ ಸೇರಿಸಿದರೆ ಎರಡು ಯೂನಿಟ್ ಹತ್ತಿರ ಬರುತ್ತದೆ. ಅದೇ ನೀರನ್ನು ಮನೆಯ ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸಲು ಬೇಕಾಗುವುದು ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಮನೆಯ ಬಿಲ್ಲಿನಲ್ಲಿ ಕಾಣುವುದು ಈ ಚಿಕ್ಕ ಪಾಲು. ಇದರ ಇಪ್ಪತ್ತು ಪಟ್ಟು ದೊಡ್ಡ ಪಾಲು ದಾರಿಯ ಪಂಪುಮನೆಗಳಲ್ಲೇ ಖರ್ಚಾಗಿರುತ್ತದೆ. ಕಾವೇರಿ ಬೇಡ, ಕೊಳವೆಬಾವಿ ಇದೆ ಎನ್ನುವವರ ಲೆಕ್ಕವೂ ಹೆಚ್ಚು ಬೇರೆಯಲ್ಲ. ಸಾವಿರ ಅಡಿ ಆಳದಿಂದ ನೀರೆತ್ತುವುದೆಂದರೆ 300 ಮೀಟರ್ ಏರು. ಅಷ್ಟು ಆಳಕ್ಕಿಳಿಸುವ ಪಂಪಿನ ದಕ್ಷತೆ ಕಡಿಮೆಯಾದ್ದರಿಂದ ವಿದ್ಯುತ್ ಖರ್ಚು ಕಾವೇರಿಯ ಹತ್ತಿರಕ್ಕೇ ಬರುತ್ತದೆ. ಹಾಗಾಗಿ ಈ ಊರಿನಲ್ಲಿ ನೀರು ಉಳಿಸುವ ಯಾವ ಕೆಲಸವೂ ವಿದ್ಯುತ್ ಉಳಿಸುವ ಕೆಲಸವೇ.

ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಗರ ಯೋಜಕರು ಹಿಡಿಯುವ ಅಳತೆ. ನಾಲ್ವರ ಮನೆಗೆ 540 ಲೀಟರ್, ವರ್ಷಕ್ಕೆ ಎರಡು ಲಕ್ಷ ಲೀಟರಿಗೆ ತುಸು ಕಡಿಮೆ. ಕುಡಿಯಲು, ಅಡುಗೆಗೆ ಇದರಲ್ಲಿ ಹೋಗುವುದು ಅಲ್ಪ. ಸ್ನಾನ, ಫ್ಲಶ್, ಬಟ್ಟೆ, ಪಾತ್ರೆ ಇವೇ ದೊಡ್ಡ ಬಾಬ್ತುಗಳು. ಹಳೆಯ ಫ್ಲಶ್ ತೊಟ್ಟಿ ಒಂದು ಸಲಕ್ಕೆ ಹತ್ತು ಲೀಟರ್ ಸುರಿದರೆ ಎರಡು ಗುಂಡಿಗಳ ಹೊಸ ತೊಟ್ಟಿ ಅಗತ್ಯ ನೋಡಿಕೊಂಡು ಮೂರೋ ಆರೋ ಲೀಟರ್ ಬಿಡುತ್ತದೆ. ಹಳೆಯ ತೊಟ್ಟಿಯನ್ನು ಕೀಳಲಾಗದ ಬಾಡಿಗೆ ಮನೆಯವರು ಅದರೊಳಗೆ ನೀರು ತುಂಬಿದ ಒಂದು ಲೀಟರ್ ಬಾಟಲಿಯನ್ನು ಇಟ್ಟರೂ ಸಾಕು, ಪ್ರತಿ ಸಲ ಒಂದು ಲೀಟರ್ ಕಡಿಮೆ ಹರಿಯುತ್ತದೆ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರ್, ಎಂದರೆ ಒಬ್ಬರ ಸ್ನಾನದ ನೀರು, ಸೋರಿಹೋಗುತ್ತದೆ. ಒಳಗಿನ ವಾಷರ್ ಬದಲಿಸಲು ಕೆಲವೇ ರೂಪಾಯಿ ಸಾಕು. ಪ್ಲಂಬರ್ ಸಿಗುವುದೇ ಕಷ್ಟ.

2024ರ ಮಾರ್ಚಿನಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದಾಗ ಜಲಮಂಡಳಿ ಎರಡು ಆದೇಶ ಹೊರಡಿಸಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ, ಕಟ್ಟಡ ಕಟ್ಟಿದರೆ 5,000 ರೂಪಾಯಿ ದಂಡ ಎಂಬುದು ಒಂದು. ಪತ್ರಿಕೆಗಳ ತಲೆಬರಹವಾದದ್ದು ಇದೇ. ವಾಣಿಜ್ಯ ಕಟ್ಟಡ, ಹೋಟೆಲು, ಅಪಾರ್ಟ್‌ಮೆಂಟುಗಳ ನಲ್ಲಿಗಳಿಗೆ ಏರಿಯೇಟರ್ ಹಾಕಿಸಬೇಕೆಂಬ ಇನ್ನೊಂದು ಆದೇಶ ಅಷ್ಟು ಸದ್ದು ಮಾಡಲಿಲ್ಲ, ಆದರೆ ಅದರ ತೂಕವೇ ಹೆಚ್ಚು. ಏರಿಯೇಟರ್ ಎಂದರೆ ನಲ್ಲಿಯ ಬಾಯಿಗೆ ತಿರುಗಿಸಿ ಹಾಕುವ ಚಿಕ್ಕ ಜಾಲರಿ. ನೀರಿಗೆ ಗಾಳಿ ಬೆರೆಸುವುದರಿಂದ ಧಾರೆ ದಪ್ಪವಾಗಿಯೇ ಕಾಣುತ್ತದೆ, ಹರಿಯುವುದು ಮಾತ್ರ ಅರ್ಧಕ್ಕೂ ಕಡಿಮೆ. ನಿಮಿಷಕ್ಕೆ 12 ಲೀಟರ್ ಬಿಡುತ್ತಿದ್ದ ಅಡುಗೆಮನೆಯ ನಲ್ಲಿ ಐದು ಲೀಟರಿಗೆ ಇಳಿದು, ಅದು ದಿನಕ್ಕೆ ಒಟ್ಟು ಕಾಲು ಗಂಟೆ ತೆರೆದಿರುತ್ತದೆ ಎಂದು ಹಿಡಿದರೆ ವರ್ಷಕ್ಕೆ 38 ಸಾವಿರ ಲೀಟರ್ ಉಳಿಯುತ್ತದೆ. ಇಡೀ ಮನೆಯ ಎರಡು ತಿಂಗಳ ನೀರಿಗಿಂತ ಇದು ಹೆಚ್ಚು. ಬಕೆಟ್ಟು, ಕೊಡ ತುಂಬಿಸುವ ನಲ್ಲಿಗೆ ಇದನ್ನು ಹಾಕಿ ಪ್ರಯೋಜನವಿಲ್ಲ; ಬಕೆಟ್ಟು ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ. ಕೈ ತೊಳೆಯುವಲ್ಲಿ, ಪಾತ್ರೆ ಗಲಬರಿಸುವಲ್ಲಿ ಮಾತ್ರ ಉಳಿತಾಯ. ಕೊಳವೆಬಾವಿಯ ಗಡಸು ನೀರಿನಿಂದ ಜಾಲರಿಗೆ ಉಪ್ಪು ಕಟ್ಟುತ್ತದೆ. ಆಗಾಗ ಬಿಚ್ಚಿ ನಿಂಬೆರಸದಲ್ಲೋ ವಿನೆಗರಿನಲ್ಲೋ ನೆನೆಹಾಕದಿದ್ದರೆ ಯಾರೋ ಒಬ್ಬರು ಬೇಸತ್ತು ಕಿತ್ತೆಸೆಯುತ್ತಾರೆ.

ಕುಡಿಯುವ ನೀರಿನ ಆರ್‌ಒ ಯಂತ್ರದ ಕಥೆ ಬೇರೆ. ಒಂದು ಲೀಟರ್ ಶುದ್ಧ ನೀರು ಕೊಡಲು ಸಾಮಾನ್ಯ ಮನೆಯ ಯಂತ್ರ ಎರಡು ಮೂರು ಲೀಟರನ್ನು ಹೊರಗೆ ಬಿಡುತ್ತದೆ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವ ನೀರಿಗೆ ಆರ್‌ಒ ಬೇಕಿಲ್ಲ, ಅಲ್ಲಿ ಅದನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತ್ತು. ಕಾವೇರಿ ನೀರಿನ ಲವಣಾಂಶ ಆ ಮಿತಿಯೊಳಗೇ ಇದೆ. ಕಾವೇರಿ ಮಾತ್ರ ಬರುವ ಮನೆಯಲ್ಲಿ ಸೋಸಿ ಕುದಿಸಿದರೆ, ಇಲ್ಲವೇ ಅಲ್ಟ್ರಾವಯೊಲೆಟ್ ದೀಪದ ಸರಳ ಯಂತ್ರವಿದ್ದರೆ ಸಾಕು. ಕೊಳವೆಬಾವಿ, ಟ್ಯಾಂಕರ್ ನೀರಿನ ಮನೆಗಳಿಗೆ ಆರ್‌ಒ ಅನಿವಾರ್ಯವಾಗಬಹುದು. ಅಲ್ಲಿ ಹೊರಬೀಳುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಕಕ್ಕಸಿಗೆ ಬಳಸುವುದು ರೂಢಿ. ಗಿಡಗಳಿಗೆ ದಿನವೂ ಹಾಕಿದರೆ ಕುಂಡದ ಮಣ್ಣಿನಲ್ಲಿ ಉಪ್ಪು ಸೇರಿಕೊಳ್ಳುತ್ತದೆ. ಗಿಡಕ್ಕೆ ಅಕ್ಕಚ್ಚೇ ಮೇಲು.

ಇವೆಲ್ಲಕ್ಕಿಂತ ಭಾರವಾದದ್ದು ಚಾವಣಿ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಸಾವಿರ ಚದರಡಿಯ ಚಾವಣಿಯ ಮೇಲೆ ಬೀಳುವ ನೀರು 90 ಸಾವಿರ ಲೀಟರ್. ಐದರಲ್ಲೊಂದು ಪಾಲು ಆವಿಯಾಗಿ, ಚೆಲ್ಲಿ ಹೋದರೂ 72 ಸಾವಿರ ಕೈಗೆ ಸಿಗುತ್ತದೆ. ನಾಲ್ವರ ಮನೆಯ ಅಗತ್ಯದ ಮೂರನೇ ಒಂದಕ್ಕೂ ಹೆಚ್ಚು. ಮಳೆ ಏಪ್ರಿಲಿನಿಂದ ನವೆಂಬರಿನವರೆಗೆ ಹಂಚಿಕೊಂಡು ಸುಮಾರು 60 ದಿನ ಬೀಳುವುದು ಇಲ್ಲಿನ ಅನುಕೂಲ: ರಾಜಸ್ಥಾನದಲ್ಲಿ ಬೇಕಾಗುವಂಥ ದೊಡ್ಡ ತೊಟ್ಟಿ ಬೇಕಿಲ್ಲ, ಇರುವ ಸಂಪೇ ಮತ್ತೆ ಮತ್ತೆ ತುಂಬುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡುವ ಒಂದು ಕವಾಟ, ಒಂದು ಸೋಸುಕ, ಸಂಪಿಗೊಂದು ಕೊಳವೆ, ಇಷ್ಟೇ ಸಲಕರಣೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ.ಆರ್. ಶಿವಕುಮಾರ್ ವಿಜಯನಗರದ ತಮ್ಮ ಮನೆಯಲ್ಲಿ ಮಳೆನೀರಿನಲ್ಲೇ ವರ್ಷಗಟ್ಟಲೆ ಸಂಸಾರ ನಡೆಸಿ ಇದನ್ನು ತೋರಿಸಿದರು. 2009ರಲ್ಲಿ ಕಾಯ್ದೆ ತಿದ್ದುಪಡಿಯಾಗಿ 40–60 ಅಳತೆಯ ಹಳೆಯ ಮನೆಗಳಿಗೂ 30–40ರ ಹೊಸ ಮನೆಗಳಿಗೂ ಮಳೆಕೊಯ್ಲು ಕಡ್ಡಾಯವಾಯಿತು. ಜಯನಗರದಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಸಂಗ್ರಹಣಾ ಉದ್ಯಾನವೂ ಇದೆ. ಆದರೂ ಬಿಲ್ಲಿನ ಜೊತೆ ದಂಡ ಕಟ್ಟಿಕೊಂಡೇ ಹೋಗುವ ಮನೆಗಳು ಇನ್ನೂ ಇವೆ.

ಸಂಪು ತುಂಬಿದ ಮೇಲಿನ ಮಳೆಗೆ ಇಂಗುಬಾವಿ. ಮೂರಡಿ ಅಗಲ, ಇಪ್ಪತ್ತರಿಂದ ಮೂವತ್ತು ಅಡಿ ಆಳ, ಸಿಮೆಂಟ್ ಬಳೆಗಳ ಗೋಡೆ, ತಳದಲ್ಲಿ ಬರೀ ಮಣ್ಣು. ಇದನ್ನು ಎರಡು ಮೂರು ದಿನಗಳಲ್ಲಿ ತೋಡಿಕೊಡುವವರು ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣು ಒಡ್ಡರು. ಸರ್ಜಾಪುರದ ಬಳಿಯ ಭೋವಿಪಾಳ್ಯದಲ್ಲಿ ಅವರ ಕುಟುಂಬಗಳಿವೆ. ಕಬ್ಬನ್ ಪಾರ್ಕಿನಲ್ಲಿ ಮುಚ್ಚಿಹೋಗಿದ್ದ ಹಳೆಯ ಬಾವಿಗಳಿಗೆ ಮತ್ತೆ ನೀರು ತರಿಸಿದ್ದೂ ಅವರೇ.

ಬಚ್ಚಲ ನೀರು ಕೋಲಾರದ ಕೆರೆಗೆ

ಮನೆಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಒಳಚರಂಡಿ ಸೇರುತ್ತದೆ. ಬೆಂಗಳೂರಿನಲ್ಲಿ ಅದರ ಪ್ರಯಾಣ ಅಲ್ಲಿಗೇ ಮುಗಿಯುವುದಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ವರೆಗೆ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಕೆರೆಗಳಿಂದ ಆ ನೀರು ಇಂಗಿ ಅಲ್ಲಿನ ಕೊಳವೆಬಾವಿಗಳನ್ನು ಸೇರುತ್ತದೆ. ದಕ್ಷಿಣ ಬೆಂಗಳೂರಿನ ಒಂದು ಬಚ್ಚಲಿಗೂ ಕೋಲಾರದ ಟೊಮೆಟೊ ತೋಟಕ್ಕೂ ಹೀಗೆ ನೇರ ನಂಟಿದೆ. ಎರಡನೇ ಹಂತದ ಶುದ್ಧೀಕರಣ ಸಾವಯವ ಕೊಳೆಯನ್ನು ತೆಗೆಯುತ್ತದೆ. ರಂಜಕವನ್ನು ಪೂರ್ತಿ ತೆಗೆಯುವುದಿಲ್ಲ. ಬೆಳ್ಳಂದೂರು ಕೆರೆ 2015ರಿಂದ ಕೆಲವು ವರ್ಷ ನೊರೆ ಕಾರಿ, ಬೆಂಕಿ ಹತ್ತಿ ಉರಿದಾಗ ಆ ನೊರೆಯಲ್ಲಿ ಮನೆಮನೆಯ ಸೋಪಿನ ಪುಡಿಯ ಪಾಲೂ ಇತ್ತು.

ಹಾಗಾಗಿ ಬಚ್ಚಲಿಗೆ ಏನು ಬಿಡುತ್ತೇವೆ ಎಂಬುದು ಎಷ್ಟು ಬಿಡುತ್ತೇವೆ ಎಂಬುದರಷ್ಟೇ ಮುಖ್ಯ. ಕಾವೇರಿ ನೀರು ಕೊಳವೆಬಾವಿಯ ನೀರಿಗಿಂತ ಮೆದು; ಬಟ್ಟೆಗೆ ಅಷ್ಟೊಂದು ಪುಡಿ ಬೇಕಾಗುವುದಿಲ್ಲ. ಜಾಹೀರಾತಿನ ಕೈ ಸುರಿಯುವಷ್ಟಂತೂ ಖಂಡಿತ ಬೇಡ. ರಂಜಕವಿಲ್ಲದ ಪುಡಿಗಳು ಅಂಗಡಿಯಲ್ಲಿ ಸಿಗುತ್ತವೆ. ಅಂಟುವಾಳದ ಕಾಯಿ ಸಂತೆಯಲ್ಲೇ ಸಿಗುತ್ತದೆ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿದರೆ ಕೊಳವೆಯೊಳಗೆ ಜಿಡ್ಡು ಗಟ್ಟಿಯಾಗಿ ಮ್ಯಾನ್‌ಹೋಲ್ ಕಟ್ಟುತ್ತದೆ, ಶುದ್ಧೀಕರಣ ಘಟಕದಲ್ಲಿ ಸೂಕ್ಷ್ಮಜೀವಿಗಳ ಕೆಲಸಕ್ಕೂ ಅಡ್ಡಿ. ಬಾಣಲೆಯನ್ನು ತೊಳೆಯುವ ಮೊದಲು ಹಳೆಯ ಪತ್ರಿಕೆಯಿಂದ ಒರೆಸುವ ಅಜ್ಜಿಯರ ಅಭ್ಯಾಸಕ್ಕೆ ಇಲ್ಲಿ ಒಳ್ಳೆಯ ಕಾರಣವಿದೆ.

ಬಿಸಿನೀರು, ಬೆಂಕಿ, ಫ್ಯಾನು

ವಿದ್ಯುತ್ತಿನ ವಿಷಯದಲ್ಲಿ ಜನರ ಅಂದಾಜು ತಪ್ಪುವುದೇ ಹೆಚ್ಚು. ಬೆಳಕು ಕಣ್ಣಿಗೆ ಕಾಣುತ್ತದೆ, ಬಿಸಿ ಕಾಣುವುದಿಲ್ಲ. ಒಂದು ಯೂನಿಟ್ ವಿದ್ಯುತ್ತಿನಲ್ಲಿ 9 ವಾಟಿನ ಎಲ್‌ಇಡಿ ದೀಪ 110 ಗಂಟೆ ಉರಿಯುತ್ತದೆ. ಅದೇ ಒಂದು ಯೂನಿಟ್ 48 ಲೀಟರ್ ನೀರನ್ನು 18 ಡಿಗ್ರಿಯಷ್ಟು ಬಿಸಿ ಮಾಡಿ ಮುಗಿದುಹೋಗುತ್ತದೆ. ಎಂಟು ನಿಮಿಷದ ಷವರ್ ಸ್ನಾನಕ್ಕೆ ಸುಮಾರು 70 ಲೀಟರ್ ನೀರು, ಒಂದೂವರೆ ಯೂನಿಟ್. ಬಕೆಟ್ಟು ಚೊಂಬಿನ ಸ್ನಾನಕ್ಕೆ 20 ಲೀಟರ್, ಅರ್ಧ ಯೂನಿಟ್ಟಿಗಿಂತ ಕಡಿಮೆ. ಮೊಬೈಲ್ ಸಿಕ್ಕಿಸದೆ ಗೋಡೆಯಲ್ಲಿ ಸುಮ್ಮನೆ ಬಿಟ್ಟ ಹೊಸ ಮಾದರಿಯ ಚಾರ್ಜರ್ ಎಳೆಯುವುದು 0.1 ವಾಟ್ ಆಸುಪಾಸು. ಇಡೀ ವರ್ಷಕ್ಕೆ ಒಂದು ಯೂನಿಟ್ ಕೂಡ ಆಗುವುದಿಲ್ಲ. ವರ್ಷಪೂರ್ತಿ ನೆನಪಿಟ್ಟು ಚಾರ್ಜರ್ ಕಿತ್ತವರ ಉಳಿತಾಯ ಒಂದು ಬೆಳಗಿನ ಷವರಿನಲ್ಲಿ ಹರಿದುಹೋಗುತ್ತದೆ. ಟಿವಿ ಆರಿಸಿದ ಮೇಲೂ ಎಚ್ಚರವಾಗಿಯೇ ಇರುವ ಸೆಟ್‌ಟಾಪ್ ಬಾಕ್ಸಿನದು ಬೇರೆ ಮಾತು. ಅದು 10 ವಾಟ್ ಎಳೆಯುವುದಾದರೆ ವರ್ಷಕ್ಕೆ 87 ಯೂನಿಟ್. ಕೀಳುವುದಾದರೆ ಅದನ್ನು ಕೀಳಬೇಕು.

ಬೆಂಗಳೂರಿನ ಚಾವಣಿಗಳ ಮೇಲಿನ ಸೋಲಾರ್ ನೀರು ಕಾಯಿಸುವ ಯಂತ್ರಗಳು ಈ ಲೆಕ್ಕವನ್ನು ಬಹಳ ಹಿಂದೆಯೇ ಅರ್ಥಮಾಡಿಕೊಂಡವರ ಕೆಲಸ. ದಿನಕ್ಕೆ 100 ಲೀಟರನ್ನು 30 ಡಿಗ್ರಿ ಏರಿಸಿದರೆ ಮೂರೂವರೆ ಯೂನಿಟ್ ಉಳಿತಾಯ, ಬಿಸಿಲಿರುವ 300 ದಿನಕ್ಕೆ ಸಾವಿರ ಯೂನಿಟ್ ಮೀರುತ್ತದೆ. ಅದರಲ್ಲೂ ಒಂದು ಸೋರಿಕೆಯಿದೆ. ಚಾವಣಿಯಿಂದ ಕೆಳಮನೆಯ ಬಚ್ಚಲವರೆಗಿನ ಕೊಳವೆಯಲ್ಲಿ ನಿಂತ ತಣ್ಣೀರು ಹೋಗಿ ಬಿಸಿನೀರು ಬರುವವರೆಗೆ ನಲ್ಲಿ ತೆರೆದೇ ಇರುತ್ತದೆ. ಆ ನೀರಿಗೊಂದು ಬಕೆಟ್ಟು ಇಡಬೇಕು, ಕೊಳವೆಗೆ ಹೊದಿಕೆ ಸುತ್ತಬೇಕು.

ಫ್ಯಾನಿನ ಲೆಕ್ಕ ಸರಳ. ಹಳೆಯ ಮಾದರಿ 75 ವಾಟ್, ಬಿಎಲ್‌ಡಿಸಿ ಮೋಟಾರಿನದು 30 ವಾಟ್; ದಿನಕ್ಕೆ 12 ಗಂಟೆ ತಿರುಗಿದರೆ ವರ್ಷಕ್ಕೆ ಒಂದಕ್ಕೆ 200 ಯೂನಿಟ್ ಹತ್ತಿರ ಉಳಿತಾಯ. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಬಿಲ್ಲು ಶೂನ್ಯವಾದ ಮನೆಗಳಲ್ಲಿ ಈ ಉಳಿತಾಯ ಹಣವಾಗಿ ಕಾಣುವುದಿಲ್ಲ. ಹಿಂದಿನ ಬಳಕೆಯ ಸರಾಸರಿ ನೋಡಿ ಮಿತಿ ಕಟ್ಟಿರುವುದರಿಂದ ಮಿತಿ ಮೀರದಂತೆ ನೋಡಿಕೊಳ್ಳುವ ಎಚ್ಚರವಂತೂ ಬಂದಿದೆ.

ಒಲೆಯ ಮೇಲೆ ಮುಚ್ಚಳ ಮುಚ್ಚುವುದು, ಕುದಿ ಬಂದ ಮೇಲೆ ಉರಿ ಇಳಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಎರಡನೆಯದರ ಕಾರಣವನ್ನು ಮಾತ್ರ ಮತ್ತೆ ಹೇಳಬಹುದು: ತೆರೆದ ಪಾತ್ರೆಯ ನೀರು 100 ಡಿಗ್ರಿ ಸುಮಾರಿಗೆ ಕುದಿಯುತ್ತದೆ, ಉರಿ ಎಷ್ಟು ಏರಿಸಿದರೂ ಅದಕ್ಕಿಂತ ಬಿಸಿಯಾಗದು, ಹೆಚ್ಚಿನ ಉರಿಯೆಲ್ಲ ಆವಿಯಾಗಿ ಹೋಗುತ್ತದೆ. ಬೇಳೆ, ಕಡಲೆ, ಹುರುಳಿಗಳನ್ನು ರಾತ್ರಿ ನೆನೆಹಾಕಿದರೆ ಬೇಯುವ ಹೊತ್ತು ಚೆನ್ನಾಗಿ ಕಡಿಮೆಯಾಗುತ್ತದೆ. ಸೌದೆ ಒಲೆಯ ಮನೆಗಳಿಗೆ ಕರ್ನಾಟಕದ್ದೇ ಉತ್ತರವಿದೆ: 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಹುಟ್ಟಿದ ‘ಅಸ್ತ್ರ’ ಘಟಕ ರೂಪಿಸಿದ ಒಲೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತನೇ ಒಂದರಷ್ಟು ಪಾತ್ರೆಗೆ ತಲುಪುತ್ತಿದ್ದರೆ ಇದರಲ್ಲಿ ಮೂರನೇ ಒಂದರ ಹತ್ತಿರ ತಲುಪುತ್ತದೆ, ಹೊಗೆ ಕೊಳವೆಯಲ್ಲಿ ಹೊರಹೋಗುತ್ತದೆ.

ಎಲೆಯಲ್ಲಿ ಉಳಿದ ಅನ್ನ

ಮನೆಯ ಚಿಕ್ಕ ಕೆಲಸಗಳಲ್ಲಿ ಅತಿ ಹೆಚ್ಚು ತೂಕವಿರುವುದು ಬಹುಶಃ ಊಟದ ಎಲೆಯಲ್ಲಿ. 2022ರಲ್ಲಿ ಪ್ರಪಂಚದಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತೆಂದೂ ಅದರಲ್ಲಿ ಶೇಕಡಾ 60 ಮನೆಗಳಿಂದಲೇ ಬಂತೆಂದೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಹೇಳುತ್ತದೆ. ಒಂದು ಕಿಲೋ ಅಕ್ಕಿಯ ಹಿಂದೆ ಮಳೆ, ನೀರಾವರಿ ಎರಡೂ ಸೇರಿ ಸರಾಸರಿ 2,500 ಲೀಟರ್ ನೀರಿರುತ್ತದೆ. ಒಂದು ಮುಷ್ಟಿ ಅನ್ನ, ಎಂದರೆ 100 ಗ್ರಾಂ, ಸುಮಾರು 40 ಗ್ರಾಂ ಅಕ್ಕಿಯದು. ಅದನ್ನು ಚೆಲ್ಲಿದರೆ 100 ಲೀಟರ್, ಐದು ಬಕೆಟ್ ನೀರು ಚೆಲ್ಲಿದ ಹಾಗೆ. ಮಂಡ್ಯದ ಭತ್ತವೂ ಬೆಂಗಳೂರಿನ ನಲ್ಲಿಯೂ ಒಂದೇ ಕಾವೇರಿಯನ್ನು ಹಂಚಿಕೊಂಡಿರುವುದರಿಂದ ಇದು ಬರೀ ಕಾಗದದ ಲೆಕ್ಕವಲ್ಲ.

ಉಳಿದದ್ದನ್ನು ಎಸೆಯದಿರುವ ವಿದ್ಯೆ ಕನ್ನಡದ ಅಡುಗೆಮನೆಗೆ ಹೊಸದಾಗಿ ಕಲಿಸಬೇಕಾಗಿಲ್ಲ. ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ, ಮಜ್ಜಿಗೆ ಬೆರೆತು ತಂಗಳಾಗುತ್ತದೆ, ಬೇಸಿಗೆಯಲ್ಲಿ ಸಂಡಿಗೆಯಾಗುತ್ತದೆ. ಹೀರೇಕಾಯಿ ಸಿಪ್ಪೆ, ಕಲ್ಲಂಗಡಿಯ ಬಿಳಿ ಭಾಗ, ಹಲಸಿನ ಬೀಜಕ್ಕೆ ಕರಾವಳಿ, ಮಲೆನಾಡಿನ ಅಡುಗೆಯಲ್ಲಿ ತಂಬುಳಿಯೋ ಚಟ್ನಿಯೋ ಸಾಂಬಾರೋ ಇದ್ದೇ ಇದೆ. ವಾರದಲ್ಲಿ ಎರಡು ಮೂರು ದಿನ ಅನ್ನದ ಬದಲು ಮಳೆಯನ್ನೇ ನೆಚ್ಚಿ ಬೆಳೆಯುವ ರಾಗಿಯ ಮುದ್ದೆ, ಜೋಳದ ರೊಟ್ಟಿ ಊಟಕ್ಕೆ ಬಂದರೆ ಕಾಲುವೆಯ ಮೇಲಿನ ಒತ್ತಡ ಅಷ್ಟರಮಟ್ಟಿಗೆ ಇಳಿಯುತ್ತದೆ. ದೊಡ್ಡ ಪ್ರಮಾಣದಲ್ಲಿ ಚೆಲ್ಲುವುದು ಮದುವೆ ಮಂಟಪದಲ್ಲಿ. ಬಡಿಸುವವರ ಕೈ ತಡೆಯಲು ಇಲ್ಲಿ ಯಾವ ಕಾನೂನಿಗೂ ಆಗಿಲ್ಲ.

ಬೆರೆಸಿದರೆ ಕಸ

2012ರಲ್ಲಿ ಮಾವಳ್ಳಿಪುರದ ಕಸ ಸುರಿಯುವ ಜಾಗ ಮುಚ್ಚಿ, ಅಂಥದೇ ಇನ್ನೊಂದು ಜಾಗವಿದ್ದ ಮಂಡೂರಿನ ಜನ ಲಾರಿಗಳನ್ನು ತಡೆದು ನಿಲ್ಲಿಸಿದಾಗ ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ಕೊಳೆಯಿತು. ಮಂಡೂರು 2014ರ ಕೊನೆಗೆ ಮುಚ್ಚಿತು. ಅಲ್ಲಿಗೆ ಹೋಗುತ್ತಿದ್ದದ್ದು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದ ಮುಸುರೆ, ಕಾಗದ, ಡಯಾಪರ್, ಬಲ್ಬು, ಎಲ್ಲ ಒಟ್ಟಾಗಿ. ಬೆರೆತಾಗ ನಡೆಯುವುದು ಇಷ್ಟು: ಗಾಳಿಯಿಲ್ಲದೆ ಕೊಳೆತ ಹಸಿ ಕಸ ಮೀಥೇನ್ ಬಿಡುತ್ತದೆ, ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 27 ಪಟ್ಟಿಗೂ ಹೆಚ್ಚು ಶಾಖ ಹಿಡಿಯುವ ಅನಿಲ. ಒಸರಿದ ರಸ ಅಂತರ್ಜಲಕ್ಕಿಳಿಯುತ್ತದೆ. ಒದ್ದೆಯಾದ ಕಾಗದ, ಕೊಳೆಯಾದ ಪ್ಲಾಸ್ಟಿಕ್ಕಿಗೆ ಗುಜರಿಯಲ್ಲಿ ಬೆಲೆಯಿಲ್ಲ. ಬೇರೆ ಬೇರೆಯಾಗಿದ್ದಾಗ ಗೊಬ್ಬರವೂ ಸರಕೂ ಆಗಬಹುದಾದವು ಬೆರೆತ ಕ್ಷಣದಿಂದ ಕಸ. ಅಲ್ಲಿಂದ ಮುಂದೆ ಯಾವ ಯಂತ್ರಕ್ಕೂ ಅವನ್ನು ಪೂರ್ತಿ ಬಿಡಿಸಲು ಆಗುವುದಿಲ್ಲ. ಇಡೀ ಸರಪಳಿಯಲ್ಲಿ ಕಸವನ್ನು ಖರ್ಚಿಲ್ಲದೆ ಬೇರ್ಪಡಿಸಬಹುದಾದ ಒಂದೇ ಜಾಗ ಮನೆಯ ಅಡುಗೆಕಟ್ಟೆ.

2015ರ ಡಿಸೆಂಬರಿನಲ್ಲಿ ಹೈಕೋರ್ಟು ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ನಗರಕ್ಕೆ ಕಡ್ಡಾಯ ಮಾಡಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಾಪರ್, ಬ್ಯಾಂಡೇಜ್, ಸ್ಯಾನಿಟರಿ ಪ್ಯಾಡಿನಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಹಸಿರು ಬುಟ್ಟಿಗೆ ಪ್ಲಾಸ್ಟಿಕ್ ಚೀಲದ ಒಳಹೊದಿಕೆ ಹಾಕಬಾರದು ಎಂಬುದು ಇದರ ಜೀವಾಳ. ಹೆಚ್ಚಿನ ಮನೆಗಳು ಎಡವುವುದೂ ಅಲ್ಲೇ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯದೆ, ಅಂಟಿಕೊಂಡೇ ಇರುವಂತೆ ಸೀಳಬೇಕು. ಬೇರೆಯಾದ ಆ ಚೂರು ಮರುಬಳಕೆಗೆ ಸಿಗದೆ ಮೋರಿ ಸೇರುತ್ತದೆ. ಪ್ಯಾಕೆಟ್ಟನ್ನು ಒಮ್ಮೆ ಗಲಬರಿಸಿ ಒಣಗಿಸಿಟ್ಟರೆ ಆಯುವವರಿಗೆ ಬೆಲೆ ಸಿಗುತ್ತದೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟು ಹೇಳಬೇಕು. ಪ್ಯಾಡುಗಳನ್ನು ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಬೇಕು. ಇವು ಪರಿಸರಕ್ಕಿಂತ ಮೊದಲು ಪೌರಕಾರ್ಮಿಕರ ಕೈಗೆ ಸಂಬಂಧಿಸಿದ ಕೆಲಸಗಳು.

ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವವರು ಲಾರಿಯ ಪ್ರಯಾಣವನ್ನೂ ಉಳಿಸುತ್ತಾರೆ. ನಾಲ್ವರ ಮನೆಯಲ್ಲಿ ದಿನಕ್ಕೆ ಒಂದು ಕಿಲೋ ಆಸುಪಾಸು ಹಸಿ ಕಸ ಆಗುತ್ತದೆ. ತೂತಿರುವ ಮಡಕೆ ಅಥವಾ ಡ್ರಮ್ಮು, ಸ್ವಲ್ಪ ಹುಳಿ ಮಜ್ಜಿಗೆ ಅಥವಾ ಒಂದು ಹಿಡಿ ಹಳೆಯ ಗೊಬ್ಬರ, ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಇದ್ದರೆ ಸಾಕು. ತರಕಾರಿ ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ. ಅದಕ್ಕಾಗಿ ಪ್ರತಿ ಪದರ ಸಿಪ್ಪೆಯ ಮೇಲೆ ಒಂದು ಪದರ ಒಣ ಎಲೆ. ವಾಸನೆ ಬಂದರೆ ತೇವ ಹೆಚ್ಚಾಗಿದೆ, ಗಾಳಿ ಸಾಲದು ಎಂದರ್ಥ: ಒಣ ಎಲೆ ಹಾಕಿ ಕೆದಕಬೇಕು. ಬಿಳಿ ಹುಳುಗಳು ಕಂಡರೆ ಹೆದರಬೇಕಾಗಿಲ್ಲ, ಅವೂ ಕೆಲಸಗಾರರೇ. ಎರಡು ತಿಂಗಳ ಸುಮಾರಿಗೆ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿಗುತ್ತದೆ. ಬೀದಿ ಗುಡಿಸಿ ರಾಶಿ ಹಾಕಿದ ಎಲೆಗಳಿಗೆ ಬೆಂಕಿ ಹಚ್ಚುವ ಊರಿನಲ್ಲಿ ಇದಕ್ಕೆ ಬೇಕಾದ ಒಣ ಎಲೆಯನ್ನು ಕೆಲವರು ದುಡ್ಡು ಕೊಟ್ಟು ತರಿಸುತ್ತಾರೆ. ಹಳ್ಳಿಯ ತಿಪ್ಪೆಗೆ ಈ ಯಾವ ಪಾಠವೂ ಬೇಕಾಗಿಲ್ಲ. ಅಲ್ಲಿ ಈಗಿನ ತೊಂದರೆ ತಿಪ್ಪೆಯೊಳಗೆ ಸೇರುತ್ತಿರುವ ಗುಟ್ಕಾ, ಶಾಂಪೂ ಪೊಟ್ಟಣಗಳು.

ಬಟ್ಟೆ ಚೀಲದ ಬಗ್ಗೆ ಒಂದು ಅಹಿತವಾದ ಮಾತು. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು, ದೇಶ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ನಿಷೇಧಿಸಿತು. ಅಲ್ಲಿಂದ ಬಟ್ಟೆ ಚೀಲ ಎಲ್ಲ ಸಮಾರಂಭಗಳ ಉಡುಗೊರೆ. ಆದರೆ ಹತ್ತಿ ಬೆಳೆಯಲು ನೀರು, ಗೊಬ್ಬರ, ಔಷಧಿ ಬೇಕು. ಹವಾಮಾನದ ಮೇಲಿನ ಪರಿಣಾಮವನ್ನಷ್ಟೇ ನೋಡಿದರೆ, ಹೊಸ ಹತ್ತಿ ಚೀಲ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಅದನ್ನು 131 ಸಲ ಬಳಸಬೇಕೆಂದು ಬ್ರಿಟನ್ನಿನ ಪರಿಸರ ಸಂಸ್ಥೆಯ 2011ರ ಅಧ್ಯಯನ ಲೆಕ್ಕ ಹಾಕಿತ್ತು. ದನದ ಹೊಟ್ಟೆ, ರಾಜಕಾಲುವೆ ಸೇರುವ ಪ್ಲಾಸ್ಟಿಕ್ಕಿನ ಹಾನಿ ಆ ಲೆಕ್ಕದಲ್ಲಿಲ್ಲ, ಹಾಗಾಗಿ ನಿಷೇಧ ತಪ್ಪಲ್ಲ. ಆದರೆ ಬೀರುವಿನಲ್ಲಿ ಹದಿನೈದು ಹೊಸ ಚೀಲ ಕೂಡಿಟ್ಟ ಮನೆ ಏನನ್ನೂ ಉಳಿಸಿಲ್ಲ. ಹರಿದ ಪ್ಯಾಂಟು, ಹಳೆಯ ಸೀರೆಯಿಂದ ಹೊಲಿಸಿದ ಒಂದೆರಡು ಚೀಲ ಬಾಗಿಲ ಮೊಳೆಗೆ ನೇತಾಡುತ್ತಿದ್ದರೆ ಸಾಕು. ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟಗಳನ್ನು ಎರವಲು ಕೊಡುವ ಪಾತ್ರೆ ಬ್ಯಾಂಕುಗಳು ಬೆಂಗಳೂರಿನಲ್ಲಿವೆ. ಒಂದು ಮದುವೆಗೆ ಅವುಗಳನ್ನು ತಂದರೆ ಹಲವು ವರ್ಷ ಚೀಲ ಹಿಡಿದು ಉಳಿಸುವಷ್ಟನ್ನು ಒಂದೇ ದಿನದಲ್ಲಿ ಉಳಿಸಬಹುದು.

ಮೀಟರು

ಮನೆಯ ಕೆಲಸಗಳಿಗೆ ಮಿತಿಯೂ ಇದೆ. ಜಲಮಂಡಳಿ ತಳ್ಳುವ ನೀರಿನಲ್ಲಿ ಕಾಲು ಭಾಗಕ್ಕೂ ಮಿಗಿಲು ಸೋರಿಕೆ, ಲೆಕ್ಕವಿಲ್ಲದ ಸಂಪರ್ಕಗಳಲ್ಲಿ ಹೋಗುತ್ತದೆ. ಅದನ್ನು ಯಾವ ಏರಿಯೇಟರೂ ತಡೆಯದು. ವಿಂಗಡಿಸಿ ಕೊಟ್ಟ ಕಸವನ್ನು ಮುಂದೆ ಒಂದೇ ಲಾರಿಗೆ ಸುರಿಯುವ ದೃಶ್ಯ ನೋಡಿದವರು ಮರುದಿನದಿಂದ ವಿಂಗಡಿಸುವುದನ್ನೇ ಬಿಡುತ್ತಾರೆ. ಒಬ್ಬೊಬ್ಬರೂ ತಮ್ಮ ಇಂಗಾಲದ ಹೆಜ್ಜೆಗುರುತು ಲೆಕ್ಕ ಹಾಕಿಕೊಳ್ಳಲಿ ಎಂದು 2004ರಲ್ಲಿ ಲೆಕ್ಕಯಂತ್ರ ಹಂಚಿದ್ದು ತೈಲ ಕಂಪನಿ ಬಿಪಿ ಎಂಬುದನ್ನೂ ನೆನಪಿಟ್ಟುಕೊಳ್ಳಬಹುದು. ಮನೆಯವರು ನಲ್ಲಿ ನಿಲ್ಲಿಸಿದ ಮಾತ್ರಕ್ಕೆ ಮಂಡಳಿಯ ಕೆಲಸ ಮುಗಿಯುವುದಿಲ್ಲ. ಎರಡೂ ಕಡೆಯ ಕೆಲಸ ಸೇರುವ ಜಾಗವೊಂದಿದೆ, ಅದು ಮೀಟರು.

ಬೆಂಗಳೂರಿನ ಬಹುತೇಕ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಇಡೀ ಕಟ್ಟಡಕ್ಕೆ ಒಂದೇ ನೀರಿನ ಮೀಟರು. ಬಿಲ್ಲನ್ನೂ ಟ್ಯಾಂಕರಿನ ಖರ್ಚನ್ನೂ ಮನೆಗಳಿಗೆ ಸಮನಾಗಿ, ಇಲ್ಲವೇ ಚದರಡಿಯ ಲೆಕ್ಕದಲ್ಲಿ ಹಂಚುತ್ತಾರೆ. ಇಬ್ಬರಿರುವ ಮನೆಯೂ ಏಳು ಮಂದಿಯ ಮನೆಯೂ ಒಂದೇ ಮೊತ್ತ ಕಟ್ಟುವಾಗ ಉಳಿಸಿದವರಿಗೆ ಸಿಗುವುದು ಏನೂ ಇಲ್ಲ, ಯಾರ ಫ್ಲಶ್ ಸೋರುತ್ತಿದೆ ಎಂಬುದೂ ತಿಳಿಯುವುದಿಲ್ಲ. ಮನೆಗೊಂದು ಮೀಟರು ಹಾಕಿದ ಕಟ್ಟಡಗಳಲ್ಲಿ ಮೊದಲ ತಿಂಗಳಲ್ಲೇ ಬಯಲಾಗುವುದು ವರ್ಷಗಳಿಂದ ಗೊತ್ತಾಗದೆ ಹರಿಯುತ್ತಿದ್ದ ಇಂಥ ಸೋರಿಕೆಗಳು. ಹಳೆಯ ಕಟ್ಟಡದಲ್ಲಿ ಇದು ದುಬಾರಿ, ಏಕೆಂದರೆ ಪ್ರತಿ ಬಚ್ಚಲಿಗೂ ಅಡುಗೆಮನೆಗೂ ಚಾವಣಿಯಿಂದ ಬೇರೆ ಬೇರೆ ಕೊಳವೆ ಇಳಿದಿರುತ್ತದೆ. ಒಂದು ಮನೆಗೆ ನಾಲ್ಕೈದು ಮೀಟರು ಬೇಕಾಗುತ್ತದೆ. ಹೊಸದಾಗಿ ಕಟ್ಟುವಾಗ ಮನೆಗೊಂದೇ ಒಳಕೊಳವೆ ಇಟ್ಟು ಒಳಗೆ ಕವಲೊಡೆಸಿದರೆ ಒಂದು ಮೀಟರು ಸಾಕು.